ಜಗಲಿ ಲೈಬ್ರರಿಗೊಂದು ಟ್ರಸ್ಟು

2023ರ ಜುಲೈ ಮಧ್ಯ. ಮಳೆ ಬಿಡದೆ ಹೊಡೀತಿತ್ತು, ಕರೆಂಟು ಹೋಗಿ ಎರಡು ದಿನ ಆಗಿತ್ತು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಪಕ್ಕದ ಹಲಸಿನ ಮರದ ಬುಡದಲ್ಲಿ ಮಾತ್ರ. ಅಲ್ಲಿ ಕೊಡೆ ಹಿಡಿದು ನಿಂತಿದ್ದಾಗ ಬೆಂಗಳೂರಿನಿಂದ ಫೋನು ಬಂತು. ನಮ್ಮೂರಿನ ಹುಡುಗನೇ, ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹಿಂದಿನ ಡಿಸೆಂಬರಿನಲ್ಲಿ ನಮ್ಮ ಲೈಬ್ರರಿಗೆ 25,000 ರೂಪಾಯಿ ಹಾಕಿದ್ದ.

"ಅಕ್ಕಾ, ರಿಟರ್ನ್ ಫೈಲ್ ಮಾಡ್ತಾ ಇದೀನಿ. ನಿಮ್ಮ ಟೆನ್ ಬಿಇ ಬಂದೇ ಇಲ್ಲ."

"ರಸೀದಿ ಕಳ್ಸಿದ್ನಲ್ಲ ಮಾರಾಯ."

"ರಸೀದಿ ನಡೆಯಲ್ವಂತೆ. ಟೆನ್ ಬಿಇ ಬೇಕಂತೆ."

ಟೆನ್ ಬಿಇ ಅಂದರೆ ಎಂತದು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ, "ಇಲ್ಲಿ ನೆಟ್‌ವರ್ಕ್ ಹೋಗ್ತಾ ಬರ್ತಾ ಇದೆ, ನೋಡಿ ಹೇಳ್ತೀನಿ" ಅಂದು ಫೋನಿಟ್ಟೆ. ಮಲೆನಾಡಿನವರಿಗೆ ಇದೊಂದು ಅನುಕೂಲ. ತಪ್ಪಿಸಿಕೊಳ್ಳಲು ಮಳೆ ಮತ್ತು ನೆಟ್‌ವರ್ಕ್ ಯಾವಾಗಲೂ ಕೈಗೆ ಸಿಗುತ್ತವೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರು. 2017ರಲ್ಲಿ ಮನೆಯ ಜಗಲಿಯಲ್ಲೇ ಮಕ್ಕಳಿಗೆ ಪುಸ್ತಕ ಇಟ್ಟೆ. ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ. ಮೊದಲು ಎಂಟು ಮಕ್ಕಳು, ಆಮೇಲೆ ಮೂವತ್ತಾಯಿತು, ಜಗಲಿ ಸಾಲದೆ ಅಂಗಳಕ್ಕೆ ಇಳಿದರು. ದುಡ್ಡು ಕೊಡುವವರು ಒಬ್ಬೊಬ್ಬರೇ ಬರತೊಡಗಿದರು. ಆ ದುಡ್ಡು ನನ್ನ ಸ್ವಂತ ಖಾತೆಗೆ ಬೀಳುವುದು ನೋಡಿ ನನ್ನ ಯಜಮಾನರೇ ಒಂದು ದಿನ, "ನಾಳೆ ಯಾರಾದ್ರೂ ಕೇಳಿದ್ರೆ ಎಂತ ಹೇಳ್ತೀಯ?" ಅಂದರು. ಹಾಗಾಗಿ 2021ರಲ್ಲಿ ಟ್ರಸ್ಟ್ ಮಾಡಿದೆವು. ಸಂಘ ಮಾಡಬೇಕೆಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ ಏಳು ಜನ ಬೇಕು. ಕಾಫಿ ಕುಡಿಯಲು ಏಳು ಜನ ಸಿಗುತ್ತಾರೆ, ಸಹಿಗೆ ಸಿಗಲಿಲ್ಲ. ಐದು ಜನ ಟ್ರಸ್ಟಿಗಳಾದೆವು. ಪತ್ರ ಬರೆಯುವವರೊಬ್ಬರು ಡೀಡ್ ಟೈಪ್ ಮಾಡಿಸಿಕೊಟ್ಟರು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು, ಫೋಟೋ, ಎಲ್ಲ ಅರ್ಧ ದಿನದಲ್ಲಿ ಮುಗಿಯಿತು. ಆ ಡೀಡನ್ನು ನಾನು ಪೂರ್ತಿ ಓದಿರಲಿಲ್ಲ. ಇದನ್ನು ಈಗ ಬರೆಯಲೂ ಸಂಕಟವಾಗುತ್ತದೆ.

ತೆರಿಗೆ ವಿನಾಯಿತಿ ಅಂದರೆ ಆಗಿನ ಕಾಯ್ದೆಯ 12ಎ, 80ಜಿ: ಮೊದಲನೆಯದು ಟ್ರಸ್ಟಿನ ಆದಾಯಕ್ಕೆ, ಎರಡನೆಯದು ದಾನ ಕೊಟ್ಟವರಿಗೆ. ಅದನ್ನು ಮಾಡಿಸಿಕೊಡುತ್ತೇನೆಂದು ಪೇಟೆಯ ಒಬ್ಬ ಏಜೆಂಟರು ಒಪ್ಪಿಕೊಂಡಿದ್ದರು. 18,000 ತೆಗೆದುಕೊಂಡರು. 2022ರ ಆರಂಭದಲ್ಲಿ ಎರಡು ಹಾಳೆ ಬಂತು. ಲ್ಯಾಮಿನೇಷನ್ ಮಾಡಿಸಿ ಲೈಬ್ರರಿಯ ಗೋಡೆಗೆ ನೇತುಹಾಕಿದೆವು, ಸರಸ್ವತಿ ಫೋಟೋದ ಪಕ್ಕ.

ಹಲಸಿನ ಮರದ ಬುಡದಿಂದ ಒಳಗೆ ಬಂದು ಆ ಹಾಳೆಗಳನ್ನು ಇಳಿಸಿ ಮೊದಲ ಸಲ ಓದಿದೆ. ಮೇಲೆ ಇಂಗ್ಲಿಷಿನಲ್ಲಿ "ಪ್ರಾವಿಷನಲ್" ಅಂತ ಇತ್ತು. ತಾತ್ಕಾಲಿಕ! ಒಂದೂವರೆ ವರ್ಷ ಆ ಪದ ಗೋಡೆಯ ಮೇಲೇ ನೇತಾಡುತ್ತಿತ್ತು, ಐದು ಜನ ಟ್ರಸ್ಟಿಗಳಲ್ಲಿ ಒಬ್ಬರೂ ನೋಡಿರಲಿಲ್ಲ.

ಏಜೆಂಟರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಇನ್‌ಕಂ ಟ್ಯಾಕ್ಸ್ ಪೋರ್ಟಲ್ಲಿಗೆ ನಾವೇ ಹೋಗೋಣವೆಂದರೆ ಪಾಸ್‌ವರ್ಡ್ ಇಲ್ಲ. "ಮರೆತಿದ್ದೇನೆ" ಅಂತ ಒತ್ತಿದರೆ ಓಟಿಪಿ ಹೋಗುವುದು ಅವರ ಮೊಬೈಲಿಗೆ, ಅವರ ಇಮೇಲಿಗೆ. ಅಂದರೆ ಇಲಾಖೆ ನಮಗೆ ಕಳಿಸಿದ ನೋಟಿಸು, ಎಚ್ಚರಿಕೆ, ನೆನಪೋಲೆ ಏನಿದ್ದರೂ ಎಲ್ಲ ಅವರ ಇನ್‌ಬಾಕ್ಸಿನಲ್ಲಿ. ಇದು ನಮಗೊಬ್ಬರಿಗೇ ಆದದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಸಣ್ಣ ಸಂಸ್ಥೆ ನಡೆಸುವವರನ್ನು ಎಲ್ಲಿ ಮಾತಾಡಿಸಿದರೂ ಮೂವರಲ್ಲಿ ಒಬ್ಬರಾದರೂ ಇದೇ ಕಥೆ ಹೇಳುತ್ತಾರೆ.

ಕನ್ನಡದಲ್ಲಿ ಹುಡುಕಿದೆ. "ಟ್ರಸ್ಟ್ ನಡೆಸುವುದು ಹೇಗೆ", "10ಬಿಇ ಎಂದರೇನು". ಯಾವುದೋ ಯೋಜನೆಯ ಸುದ್ದಿ, ಯಾರೋ ಮಂತ್ರಿಯ ಭಾಷಣ, ಸಬ್ಸಿಡಿ ಸಾಲದ ಜಾಹೀರಾತು. ಇಂಗ್ಲಿಷಿನಲ್ಲಿ ಹುಡುಕಿದರೆ ಬೆಟ್ಟದಷ್ಟು. ಮುಂಬೈಯ ಸೆಂಟರ್ ಫಾರ್ ಅಡ್ವಾನ್ಸ್‌ಮೆಂಟ್ ಆಫ್ ಫಿಲಾಂತ್ರಪಿ ಎಂಬ ಸಂಸ್ಥೆ ಇಂಥ ಕಾನೂನು ವಿಷಯಗಳನ್ನೇ ಬಿಡಿಸಿ ಬರೆಯುತ್ತದೆ. ಇಂಡಿಯಾ ಡೆವಲಪ್‌ಮೆಂಟ್ ರಿವ್ಯೂ ಎಂಬ ಆನ್‌ಲೈನ್ ಪತ್ರಿಕೆಯಲ್ಲೂ ಒಳ್ಳೆ ಲೇಖನಗಳಿವೆ. ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟವಾದ ದೆಹಲಿಯ ವಾಣಿಯ ಟಿಪ್ಪಣಿಗಳಿವೆ. ನನ್ನ ಇಂಗ್ಲಿಷು ಪಿಯುಸಿಗೆ ಪಾಠ ಹೇಳುವಷ್ಟಿದೆ, ಆದರೂ ಒಂದು ಪುಟಕ್ಕೆ ಒಂದು ಗಂಟೆ ಹಿಡಿಯಿತು. ಒಂದು 200 ಪುಟದ ನೋಟ್‌ಬುಕ್ಕು ತಂದು ಕನ್ನಡದಲ್ಲಿ ಬರೆದುಕೊಳ್ಳುತ್ತಾ ಹೋದೆ. "10ಬಿಡಿ: ಯಾರು ಎಷ್ಟು ಕೊಟ್ಟರು ಅಂತ ನಾವು ಇಲಾಖೆಗೆ ಕೊಡುವ ಪಟ್ಟಿ. ಪ್ರತಿ ವರ್ಷ ಮೇ 31ರೊಳಗೆ. 10ಬಿಇ: ಆ ಪಟ್ಟಿ ಕೊಟ್ಟ ಮೇಲೆ ಪೋರ್ಟಲ್ಲಿಂದ ಇಳಿಸಿ ದಾನಿಗೆ ಕೊಡುವ ಸರ್ಟಿಫಿಕೇಟು. ತಡವಾದರೆ ದಿನಕ್ಕೆ 200 ರೂಪಾಯಿ." ಜೂನ್ 1ರಿಂದ ಅವತ್ತಿನವರೆಗೆ 45 ದಿನ. ಒಂಬತ್ತು ಸಾವಿರ. ನಮ್ಮ ಲೆಕ್ಕದಲ್ಲಿ ಅದು ನೂರಕ್ಕೂ ಹೆಚ್ಚು ಮಕ್ಕಳ ಪುಸ್ತಕ.

ಓದಿ ತಿಳಿದದ್ದು ಅರ್ಧ. ಉಳಿದರ್ಧಕ್ಕೆ ಮನುಷ್ಯರೇ ಬೇಕಾಯಿತು. ಅಂಥವರೊಬ್ಬರು ಸಿಕ್ಕಿದ್ದು ನಮ್ಮ ಮನೆಯಿಂದ ಮೂರು ಮೈಲಿ ಆಚೆ.

ಸಹಕಾರಿ ಸೊಸೈಟಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಸೆಕ್ರೆಟರಿಯಾಗಿದ್ದು ರಿಟೈರಾದವರು. ಊರಿಗೆಲ್ಲ ಸೆಕ್ರೆಟರಿ ಮಾವ. ಅವರ ಹತ್ತಿರ ಹೋಗಿದ್ದು ಬೇರೆ ಕೆಲಸಕ್ಕೆ, ಸೊಸೈಟಿಯ ಹಳೇ ಬೀರು ಒಂದು ಲೈಬ್ರರಿಗೆ ಸಿಗುತ್ತದಾ ಕೇಳಲು. ಮಾತಿಗೆ ಮಾತು ಬಂದು ನನ್ನ ಗೋಳು ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ ತೆರಿಗೆಯದ್ದಲ್ಲ.

"ನಿನ್ನ ನಡಾವಳಿ ಪುಸ್ತಕ ಎಲ್ಲಿ?"

ಮಾರನೇ ದಿನ ತಂದುಕೊಟ್ಟೆ. ಎರಡು ವರ್ಷಕ್ಕೆ ಮೂರು ಸಭೆ, ಒಂದಕ್ಕೆ ತಾರೀಕೇ ಇಲ್ಲ. ನಡುವೆ ಒಂದು ಹಾಳೆ ಹರಿದಿತ್ತು. ಯಾವುದೋ ಮಗು ದೋಣಿ ಮಾಡಲು ಹರಿದದ್ದು ಅಂತ ನನಗೆ ಗೊತ್ತು, ಆದರೆ ಪುಸ್ತಕ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಮಾವ ಕನ್ನಡಕ ಏರಿಸಿ ನೋಡಿ, "ಮಾರಾಯ್ತಿ, ಮೊದ್ಲು ಹಾಳೆಗೆ ನಂಬರ್ ಹಾಕು. ನಂಬರಿಲ್ಲದ ಪುಸ್ತಕಕ್ಕೆ ಆಡಿಟ್‌ನಲ್ಲಿ ಮೂರು ಕಾಸಿನ ಬೆಲೆ ಇಲ್ಲ" ಅಂದರು. ಆಮೇಲೆ ಅಡಿಕೆ ಸುಲಿಯುವ ಮಣೆ ಬದಿಗೆ ಸರಿಸಿ ಕೂತು ಠರಾವು ಬರೆಯುವುದು ಹೇಗೆ ಅಂತ ಹೇಳಿಕೊಟ್ಟರು. ಸಭೆ ಎಲ್ಲಿ ನಡೆಯಿತು, ಯಾರು ಅಧ್ಯಕ್ಷತೆ ವಹಿಸಿದರು, ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಹಾಜರಿದ್ದವರ ಸಹಿ. ಖಾಲಿ ಬಿಟ್ಟ ಜಾಗಕ್ಕೆ ಅಡ್ಡಗೆರೆ. ರಸೀದಿ ಪುಸ್ತಕ ಅಚ್ಚು ಹಾಕಿಸುವಾಗಲೇ ನಂಬರ್ ಹೊಡೆಸಬೇಕು, ಕೆಟ್ಟ ರಸೀದಿ ಹರಿಯಬಾರದು, "ರದ್ದು" ಅಂತ ಬರೆದು ಎರಡೂ ಪ್ರತಿ ಪುಸ್ತಕದಲ್ಲೇ ಪಿನ್ ಮಾಡಬೇಕು. ಐವತ್ತು ರೂಪಾಯಿ ಆಟೋ ಬಾಡಿಗೆಗೂ ವೋಚರು.

ನಮ್ಮ ರಸೀದಿ ಪುಸ್ತಕ ನೋಡಿ ಅವರಿಗೆ ನಗು ತಡೆಯಲಿಲ್ಲ. ಅದರಲ್ಲಿದ್ದ ಹೆಸರುಗಳು: "ಮಂಜಣ್ಣ, ಬೆಂಗಳೂರು – 2,000". "ಕೆಳಮನೆ ಅತ್ತೆ – 500". "ಅಡಿಕೆ ವ್ಯಾಪಾರದವರು – 1,000". 10ಬಿಡಿ ಪಟ್ಟಿಗೆ ದಾನಿಯ ಪೂರ್ತಿ ಹೆಸರು, ವಿಳಾಸ, ಪಾನ್ ಅಥವಾ ಆಧಾರ್‌ನಂಥ ಒಂದು ಗುರುತಿನ ನಂಬರ್ ಬೇಕಿತ್ತು. ಅಡಿಕೆ ವ್ಯಾಪಾರದವರನ್ನು ಎಲ್ಲಿ ಹುಡುಕುವುದು?

ಮಲೆನಾಡಿನಲ್ಲಿ ಊರಿಗೊಂದು ಸೊಸೈಟಿ ಇದೆ, ಶಿವಮೊಗ್ಗದಲ್ಲಿ 1939ರಿಂದ ನಡೆದುಬಂದ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್ ಇದೆ. ಲೆಕ್ಕ ಬರೆಯುವುದು, ಸಭೆ ನಡೆಸುವುದು, ಆಡಿಟ್‌ಗೆ ಉತ್ತರ ಕೊಡುವುದು ಗೊತ್ತಿದ್ದವರು ಪ್ರತಿ ಹೋಬಳಿಯಲ್ಲೂ ನಾಲ್ಕಾರು ಜನ ರಿಟೈರಾಗಿ ತೋಟ ನೋಡಿಕೊಂಡು ಕೂತಿದ್ದಾರೆ. ನಾನು ಮುಂಬೈ ದೆಹಲಿಯ ಪುಟ ತಿರುವುತ್ತಾ ಕೂತಿದ್ದೆ, ಇವರು ನೆನಪಿಗೇ ಬಂದಿರಲಿಲ್ಲ.

ಸೆಕ್ರೆಟರಿ ಮಾವನೇ ಶಿವಮೊಗ್ಗದ ಒಬ್ಬ ಆಡಿಟರ ಹೆಸರು ಕೊಟ್ಟರು. ದುರ್ಗಿಗುಡಿಯ ಒಂದು ಮಹಡಿ ಮೇಲೆ ಆಫೀಸು, ಚಿಕ್ಕ ವಯಸ್ಸಿನ ಹುಡುಗಿ, ತಂದೆ ಸೊಸೈಟಿ ಆಡಿಟ್ ಮಾಡುತ್ತಿದ್ದವರಂತೆ. ತೀರ್ಥಹಳ್ಳಿಯಿಂದ ಬೆಳಿಗ್ಗೆಯ ಬಸ್ಸು. ಮಂಡಗದ್ದೆಯಲ್ಲಿ ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿತ್ತು, ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು. ಮಡಿಲಲ್ಲಿ ಪ್ಲಾಸ್ಟಿಕ್ ಕವರು ಸುತ್ತಿದ ಡೀಡ್ ಇಟ್ಟುಕೊಂಡು ಕೂತಿದ್ದೆ.

ಆಕೆ ಡೀಡನ್ನು ಹಿಂದಿನಿಂದ ಓದತೊಡಗಿದಳು. ಕೊನೆಯ ಎರಡು ಪುಟದಲ್ಲೇ ಎಲ್ಲ ಇರುತ್ತದಂತೆ. ಒಂದು ಕಡೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದಳು: "ಟ್ರಸ್ಟು ವಿಸರ್ಜನೆಯಾದ ಪಕ್ಷದಲ್ಲಿ ಅದರ ಚರಾಚರ ಸ್ವತ್ತುಗಳು ಆ ಕಾಲಕ್ಕೆ ಇರುವ ಟ್ರಸ್ಟಿಗಳಿಗೆ ಸಮಭಾಗವಾಗಿ ಹಂಚಿಕೆಯಾಗತಕ್ಕದ್ದು."

"ಮೇಡಂ, ನೀವು ಐದು ಜನ ಪುಸ್ತಕ ಹಂಚ್ಕೊಂಡು ಹೋಗ್ತೀರಾ?" ಅಂದಳು.

ಪತ್ರ ಬರೆದವರು ಯಾವುದೋ ಮನೆತನದ ಟ್ರಸ್ಟಿನ ನಮೂನೆಯನ್ನು ಹಾಗೇ ಇಳಿಸಿದ್ದರು. ಸಾರ್ವಜನಿಕ ಟ್ರಸ್ಟಿನಲ್ಲಿ ಮುಚ್ಚುವ ಹೊತ್ತಿಗೆ ಉಳಿದದ್ದು ಅದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು. ಟ್ರಸ್ಟಿಗಳಿಗೆ ಹೋಗುವಂತಿಲ್ಲ. ಇದೊಂದು ಸಾಲು ಸಾಕು ಕಾಯಂ ನೋಂದಣಿ ತಿರಸ್ಕಾರವಾಗಲು. ಪುಣ್ಯಕ್ಕೆ ಡೀಡಿನಲ್ಲಿ ತಿದ್ದುಪಡಿಗೆ ಅವಕಾಶ ಕೊಡುವ ಕಲಮು ಇತ್ತು. ಅದೂ ಇಲ್ಲದಿದ್ದರೆ ಕೋರ್ಟಿನ ತನಕ ಹೋಗಬೇಕಾಗುತ್ತಿತ್ತಂತೆ. ಠರಾವು ಬರೆದು (ಈ ಸಲ ನಂಬರ್ ಹಾಕಿದ ಹಾಳೆಯಲ್ಲಿ) ಐದೂ ಜನ ಮತ್ತೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ತಿದ್ದುಪಡಿ ಪತ್ರ ರಿಜಿಸ್ಟರ್ ಮಾಡಿಸಿದೆವು.

ಪೋರ್ಟಲ್ಲಿನ ಬೀಗ ತೆಗೆದದ್ದು ಡಿಜಿಟಲ್ ಸಹಿ. ಮ್ಯಾನೇಜಿಂಗ್ ಟ್ರಸ್ಟಿಯಾಗಿ ನನ್ನ ಹೆಸರಿನಲ್ಲಿ ಪೆನ್‌ಡ್ರೈವ್ ತರದ ಒಂದು ಟೋಕನ್ ತರಿಸಿ, ಅದರಿಂದ ಪಾಸ್‌ವರ್ಡ್ ಬದಲಿಸಿ, ಮೊಬೈಲು ಇಮೇಲು ನಮ್ಮದು ಹಾಕಿದೆವು. ಬೆಂಗಳೂರಿನ ಹುಡುಗನ 10ಬಿಇ ಜುಲೈ ಕೊನೆಯ ವಾರ ಹೋಯಿತು. ಅವನ ರಿಟರ್ನ್ ಗಡುವಿಗೆ ಎರಡು ದಿನ ಇತ್ತು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ತಾತ್ಕಾಲಿಕ ನೋಂದಣಿಯನ್ನು ಕಾಯಂ ಮಾಡಿಸುವ ಅರ್ಜಿಗೆ ಆಗ 10ಎಬಿ ಅಂತ ಹೆಸರು. ತಾತ್ಕಾಲಿಕದ ಅವಧಿ ಮುಗಿಯಲು ಆರು ತಿಂಗಳು ಇರುವಾಗಲೇ ಕೊಡಬೇಕಿತ್ತು, ಇಲ್ಲವೇ ಕೆಲಸ ಶುರುವಾದ ಆರು ತಿಂಗಳೊಳಗೆ, ಎರಡರಲ್ಲಿ ಯಾವುದು ಮೊದಲೋ ಅದು. ನಮ್ಮ ಕೆಲಸ 2017ರಲ್ಲೇ ಶುರುವಾಗಿತ್ತಲ್ಲ! ಡೀಡ್ ತಿದ್ದಿ ಮೂರು ವರ್ಷದ ಲೆಕ್ಕ ಸರಿಮಾಡುವಷ್ಟರಲ್ಲಿ ಗಡುವು ದಾಟಿಹೋಗಿತ್ತು. 2024ರ ಏಪ್ರಿಲ್ ತನಕ ಅದೇ ಆತಂಕ. ಏಪ್ರಿಲ್ 25ಕ್ಕೆ ನೇರ ತೆರಿಗೆ ಮಂಡಳಿಯ ಸುತ್ತೋಲೆ ಬಂತು: 10ಎಬಿ ಸಲ್ಲಿಸಲು ಜೂನ್ 30ರವರೆಗೆ ಅವಕಾಶ. ಆಡಿಟರ್ ಹುಡುಗಿ ರಾತ್ರಿ ಒಂಬತ್ತಕ್ಕೆ ಫೋನು ಮಾಡಿದಳು. ನನ್ನ ಹಾಗೆ ದಾರಿ ತಪ್ಪಿದವರು ದೇಶದ ತುಂಬ ಇದ್ದಿರಬೇಕು, ಇಲ್ಲದಿದ್ದರೆ ಇಲಾಖೆ ಮತ್ತೆ ಮತ್ತೆ ಗಡುವು ಮುಂದೂಡುತ್ತಿತ್ತಾ? ಜೂನ್ ಎರಡನೇ ವಾರ ಅರ್ಜಿ ಹೋಯಿತು. ಸೆಪ್ಟೆಂಬರಿನಲ್ಲಿ ಪ್ರಶ್ನೆಗಳು ಬಂದವು, ಈ ಸಲ ನಮ್ಮದೇ ಇಮೇಲಿಗೆ. ಡಿಸೆಂಬರಿನಲ್ಲಿ ನೋಂದಣಿ ಬಂತು, ಕಾಯಂ ಅಂದರೂ ಐದು ವರ್ಷಕ್ಕೆ.

ಈ ಓಡಾಟದಲ್ಲಿ ತಿಳಿದ ಇನ್ನೊಂದು ಸಂಗತಿ: ಸ್ವಯಂಸೇವಾ ಸಂಸ್ಥೆಗಳು ಹೆಸರು ದಾಖಲಿಸುವ ನೀತಿ ಆಯೋಗದ ಪೋರ್ಟಲ್ಲು ಎನ್‌ಜಿಒ ದರ್ಪಣ್, ಅದರ ನೋಂದಣಿಗೆ ಶುಲ್ಕವೇ ಇಲ್ಲ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡು ಪಡೆಯಲು ಬೇಕಾದ ಸಿಎಸ್‌ಆರ್-1 ಅರ್ಜಿಗೂ ಸರ್ಕಾರಿ ಶುಲ್ಕವಿಲ್ಲ, ಆಡಿಟರು ಅಥವಾ ಕಂಪನಿ ಸೆಕ್ರೆಟರಿಯ ದೃಢೀಕರಣ ಬೇಕು ಅಷ್ಟೇ. ಇವನ್ನೆಲ್ಲ "ಪ್ಯಾಕೇಜು" ಅಂತ ಸಾವಿರಾರು ರೂಪಾಯಿಗೆ ಮಾರುವವರಿದ್ದಾರೆ. ಕೂತು ಮಾಡಿಕೊಟ್ಟ ಕೂಲಿಗೆ ದುಡ್ಡು ಕೇಳುವುದು ತಪ್ಪಲ್ಲ, ಸರ್ಕಾರದ ಫೀಸು ಅಂತ ಹೇಳಿ ಕೇಳುವುದು ತಪ್ಪು.

ಸಿಎಸ್‌ಆರ್ ಹಿಂದೆ ಒಂದು ವರ್ಷ ಓಡಿದೆ. 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ಲಾಭ, ಇಷ್ಟರಲ್ಲಿ ಒಂದಿರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡ 2 ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅಂತ ಕಾನೂನಿದೆ. ಅಂಥ ಕಂಪನಿ ನಮ್ಮ ಕಾಡಿನೊಳಗೆ ಎಲ್ಲಿದೆ? ಬೆಂಗಳೂರಿನವರಿಗೆ ಹನ್ನೊಂದು ಅರ್ಜಿ ಕಳಿಸಿದೆ. ಉತ್ತರ ಬಂದದ್ದು ಎರಡು. ಒಬ್ಬರು "ಫಲಾನುಭವಿಗಳ ಸಂಖ್ಯೆ ಕನಿಷ್ಠ ಐದು ಸಾವಿರ" ಅಂದರು. ನಮ್ಮ ಗ್ರಾಮ ಪಂಚಾಯಿತಿಯ ದನಕರು ಎಣಿಸಿದರೂ ಅಷ್ಟಾಗಲಿಕ್ಕಿಲ್ಲ. ಸಣ್ಣವರು ಇದರ ಹಿಂದೆ ಹೋಗಬಾರದು ಅಂತ ನನ್ನ ಅಭಿಪ್ರಾಯ. ಆ ಹನ್ನೊಂದು ಅರ್ಜಿಯ ಹೊತ್ತಿನಲ್ಲಿ ಊರಿನ ನೂರು ಮನೆ ಹತ್ತಿ ಇಳಿಯಬಹುದಿತ್ತು.

ದೊಡ್ಡ ದುಡ್ಡು ಬರುವ ಸಂದರ್ಭ ಒಂದೇ ಒಂದು ಬಂತು, ಅದನ್ನು ನಾವೇ ಬೇಡ ಅನ್ನಬೇಕಾಯಿತು. ಅಮೆರಿಕದಲ್ಲಿರುವ ನಮ್ಮ ಸಂಬಂಧಿಕರ ಹುಡುಗ ಎರಡು ಲಕ್ಷ ಕಳಿಸುತ್ತೇನೆಂದ. ನಾನು ಖಾತೆ ನಂಬರ್ ಕಳಿಸುವವಳೇ ಇದ್ದೆ. ಆಡಿಟರ್ ಕೇಳಿದಳು: "ಪಾಸ್‌ಪೋರ್ಟ್ ಯಾವುದು?" ಹೊರದೇಶದಲ್ಲಿದ್ದರೂ ಭಾರತದ ಪೌರನಾದರೆ ಅವನ ಉಳಿತಾಯದ ದುಡ್ಡು ವಿದೇಶಿ ದೇಣಿಗೆ ಅಲ್ಲ. ಆದರೆ ಅವನು ಅಮೆರಿಕದ ಪೌರತ್ವ ತೆಗೆದುಕೊಂಡು ನಾಲ್ಕು ವರ್ಷ ಆಗಿತ್ತು. ಅವನಿಂದ ಪಡೆಯಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. ಅದಕ್ಕೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚಾಗಿರಬೇಕು, ಖಾತೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿರಬೇಕು. ನಮ್ಮದು ಹುಟ್ಟಿದಾಗಿನಿಂದ ಖರ್ಚಾದದ್ದೇ ಆರು ಲಕ್ಷ. "ಅವನ ಅಮ್ಮನ ಖಾತೆಗೆ ಹಾಕ್ಸಿ, ಅವ್ರು ಕೊಟ್ಟ ಹಾಗೆ ಮಾಡಿದ್ರೆ?" ಅಂತ ನಮ್ಮ ಟ್ರಸ್ಟಿಯೊಬ್ಬರು ಮೆಲ್ಲಗೆ ಅಂದರು. ಆಡಿಟರ್ ತಲೆ ಅಲ್ಲಾಡಿಸಿದಳು. ಯಾರ ಕೈ ದಾಟಿ ಬಂದರೂ ಅದು ವಿದೇಶಿ ದೇಣಿಗೆಯೇ. ಹುಡುಗನಿಗೆ ಬೇಸರವಾಯಿತು. ಅವನ ಅಮ್ಮ ಇವತ್ತಿಗೂ ಮದುವೆ ಮನೆಗಳಲ್ಲಿ "ಇವರಿಗೆ ದುಡ್ಡು ಕೊಟ್ರೂ ಬೇಡ" ಅಂತ ಹೇಳುತ್ತಿರುತ್ತಾರೆ.

ಹಾಗಾಗಿ ಈಗಲೂ ನಮ್ಮದು ಅಡಿಕೆ ದುಡ್ಡಿನ ಲೈಬ್ರರಿ. ಕೊನೆ ಕೊಯ್ಲು ಮುಗಿದು, ಬೇಯಿಸಿ ಒಣಗಿಸಿ ಮಂಡಿಗೆ ಹೋದ ಮೇಲೆ ಊರವರು ಕೊಡುತ್ತಾರೆ. ಎಲೆಚುಕ್ಕಿ ರೋಗ ಬಂದಮೇಲೆ ಕೆಲವರ ಕೈ ಕಟ್ಟಿಹೋಗಿದೆ, ಐದು ಸಾವಿರ ಕೊಡುತ್ತಿದ್ದವರು ಒಂದು ಸಾವಿರಕ್ಕೆ ಇಳಿದಿದ್ದಾರೆ. ನಗದು 2,000 ದಾಟಿದರೆ 80ಜಿ ವಿನಾಯಿತಿ ಸಿಗುವುದಿಲ್ಲ ಅಂತ ನಾನು ವಿವರಿಸಲು ಹೋದರೆ ಕೆಳಮನೆ ಅತ್ತೆ, "ನಂಗೆ ವಿನಾಯ್ತಿ ಎಂತಕ್ಕೆ? ಹುಡುಗ್ರು ಓದ್ಲಿ" ಅಂದು ಐನೂರರ ನೋಟು ಮಡಚಿ ಕೈಗಿಟ್ಟರು. ರಸೀದಿ ಮಾತ್ರ ಪೂರ್ತಿ ಹೆಸರಿಗೇ ಬರೆದೆ. ಅವರ ಪೂರ್ತಿ ಹೆಸರು ನನಗೆ ಅವತ್ತೇ ಗೊತ್ತಾದದ್ದು.

ಪುಸ್ತಕದ ವಿಷಯಕ್ಕೆ ಅಷ್ಟು ಕಷ್ಟವಾಗಲಿಲ್ಲ. ಪ್ರಥಮ್ ಬುಕ್ಸಿನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತ, ಇಳಿಸಿಕೊಂಡು ಅಚ್ಚು ಹಾಕಲೂ ಅನುಮತಿ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು, ಈಗ ಅರಿವು ಕೇಂದ್ರ ಅಂತ ಬೋರ್ಡು ಹಾಕಿಕೊಂಡಿವೆ. ನಮ್ಮ ಪಂಚಾಯಿತಿಯ ಮೇಲ್ವಿಚಾರಕಿಯೂ ನಾನೂ ತಿಂಗಳಿಗೊಂದು ಪೆಟ್ಟಿಗೆ ಪುಸ್ತಕ ಅದಲುಬದಲು ಮಾಡುತ್ತೇವೆ, ಅದಕ್ಕೂ ಒಂದು ವಹಿ. ಮಳೆಗಾಲದ ಬೂಷ್ಟಿಗೆ ಮಾತ್ರ ಯಾವ ಸಂಸ್ಥೆಯ ಹತ್ತಿರವೂ ಉತ್ತರವಿಲ್ಲ. ಬಿಸಿಲು ಕಂಡ ದಿನ ಅಡಿಕೆ ಒಣಗಿಸುವ ಅಟ್ಟದ ಮೇಲೆ ಪುಸ್ತಕ ಹರಡುತ್ತೇವೆ, ಹುಳಕ್ಕೆ ಕಪಾಟಿನಲ್ಲಿ ಲಕ್ಕಿ ಸೊಪ್ಪು ಇಡುತ್ತೇವೆ.

ನನ್ನ ನೋಟ್‌ಬುಕ್ಕು ತುಂಬಿ ರಟ್ಟು ಕಿತ್ತುಹೋಗುವಷ್ಟಾಗಿತ್ತು. ಹೊಸನಗರ, ಸಾಗರದ ಕಡೆಯಿಂದೆಲ್ಲ ಸಣ್ಣ ಸಂಸ್ಥೆಯವರು ಬಂದು ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದರು. ಸೊಸೈಟಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ತಿಥಿ ನಕ್ಷತ್ರದ ಪಕ್ಕ ಕೆಂಪು ಪೆನ್ನಿನಲ್ಲಿ ಮೇ 31 ಎಲ್ಲ ಗುರುತಾಗಿತ್ತು. ಅಷ್ಟೊತ್ತಿಗೆ ಆಡಿಟರ್ ಫೋನು ಮಾಡಿ, ಹೊಸ ಆದಾಯ ತೆರಿಗೆ ಕಾಯ್ದೆ 2025 ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ, 1961ರ ಕಾಯ್ದೆಯ ಕಲಮುಗಳ ನಂಬರೆಲ್ಲ ಬದಲಾಗುತ್ತವೆ ಅಂದಳು. 12ಎ, 80ಜಿ ಅಂತ ಬಾಯಿಪಾಠ ಮಾಡಿದ್ದೆಲ್ಲ ಹೊಸದಾಗಿ ಕಲಿಯಬೇಕಾಯಿತು.

ತೀರ್ಥಹಳ್ಳಿಗೆ ಹೋಗಿ ಇನ್ನೊಂದು 200 ಪುಟದ ನೋಟ್‌ಬುಕ್ಕು ತಂದೆ. ಬಸ್ಸಿಳಿಯುವಾಗ ಸೆಕ್ರೆಟರಿ ಮಾವ ಸಿಕ್ಕಿದರು. ಚೀಲದಿಂದ ಇಣುಕುತ್ತಿದ್ದ ಪುಸ್ತಕ ಎಳೆದು ನೋಡಿ, ಎರಡು ಹಾಳೆ ತಿರುವಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಮನೆಗೆ ಹೋಗಿ ಹಾಕ್ತೀನಿ ಮಾವ" ಅಂದೆ.